ಒಲೆಯ ಮೇಲಿನ ‘ಎಚ್’

ಆರಿಸಿದ ಮೇಲೂ ಗಾಜು ಇನ್ನೂ ಸುಡುತ್ತಿದೆ ಎಂದು ಎಚ್ಚರಿಸಲು ಕೆಲವು ಇಂಡಕ್ಷನ್ ಒಲೆಗಳು ‘ಎಚ್’ ಎಂಬ ಇಂಗ್ಲಿಷ್ ಅಕ್ಷರವನ್ನು ತೋರಿಸುತ್ತವೆ. ಅದು ‘ಹಾಟ್’ನ ಎಚ್ಚೋ ‘ಹೈ’ನ ಎಚ್ಚೋ ಎಂಬುದು ಇಂಗ್ಲಿಷ್ ಬಲ್ಲವರಿಗೂ ಥಟ್ಟನೆ ಹೊಳೆಯದು. ಬಾರದ ಅಜ್ಜಿಯ ಕೈ ನೇರ ಗಾಜಿನ ಮೇಲೆ.

ಕನ್ನಡ ಲಿಪಿ ಚಿಕ್ಕ ಪರದೆಗೆ ಒಗ್ಗದು ಎಂಬ ಸಮಜಾಯಿಷಿ ಅರ್ಧ ಮಾತ್ರ ನಿಜ. ಏಳು ಗೆರೆಗಳ ಪರದೆಯಲ್ಲಿ ಸಾಧ್ಯವಿರುವುದು 128 ಆಕೃತಿಗಳು. ಸೊನ್ನೆಯನ್ನು ಬಿಟ್ಟರೆ ನಮ್ಮ ದುಂಡಕ್ಷರಗಳು ಅಲ್ಲಿ ಮೂಡುವುದು ಕಷ್ಟವೇ. ಆದರೆ ಚುಕ್ಕೆಗಳ ಪರದೆಯ ಕಥೆ ಬೇರೆ. ಮಚ್ಛೆಯ ಜ್ಞಾನಸಂಗಮದಲ್ಲಿ ಕೇಂದ್ರ ಕಚೇರಿಯಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ 16 ಅಕ್ಷರ, 2 ಸಾಲಿನ ಪರದೆ ಚಿರಪರಿಚಿತ. ಅದನ್ನು ನಡೆಸುವ ಹಿಟಾಚಿ ಎಚ್‌ಡಿ 44780 ಬಗೆಯ ಚಿಪ್‌ನ ಒಂದು ಆವೃತ್ತಿಯಲ್ಲಿ ಇಂಗ್ಲಿಷಿನ ಜೊತೆಗೆ ಜಪಾನಿನ ಕಟಕಾನ ಲಿಪಿಯೂ ಇದೆ. ತಯಾರಕರು ತಮ್ಮ ಮನೆಮಂದಿಯನ್ನು ಮರೆಯಲಿಲ್ಲ! ನಮಗೆ ಉಳಿಯುವುದು ನಾವೇ ಚಿತ್ರಿಸಬಹುದಾದ 8 ಖಾಲಿ ಮನೆಗಳು, ಒಂದೊಂದರಲ್ಲಿ 5×8 ಚುಕ್ಕೆ. ‘ಬಿಸಿ’ ಎಂಬ ಪದವನ್ನು ಅಕ್ಷರಕ್ಕೆರಡು ಮನೆಯಂತೆ ನಾಲ್ಕರಲ್ಲಿ ಬರೆಯಬಹುದು. ಮನೆಗಳ ನಡುವಿನ ಸಂದು ಅಕ್ಷರವನ್ನು ಸೀಳುತ್ತದೆ, ನಿಜ. ಚುಕ್ಕೆಗಳು ಎಡೆಬಿಡದೆ ಹರಡಿರುವ 128×64ರ ಗ್ರಾಫಿಕ್ ಪರದೆಯಲ್ಲಿ ಆ ತೊಂದರೆಯೂ ಇಲ್ಲ.

ಇನ್ನು ಪದಗಳ ಆಯ್ಕೆ. ಬಟ್ಟೆ ಒಗೆಯುವ ಯಂತ್ರಕ್ಕೆ ಕನ್ನಡ ಕಲಿಸಹೊರಟವರು ‘ಪ್ರಕ್ಷಾಲನ’ ಎಂದು ಬರೆದರೆ ಎರಡು ಒತ್ತಕ್ಷರಗಳಿಗಾಗಿ ಸಾಲಿನ ಕೆಳಗೆ ಜಾಗ ಬೇಕು, ಉಳಿದ ಅಕ್ಷರಗಳು ಕುಗ್ಗಬೇಕು. ಮನೆಯಲ್ಲಿ ಆಡುವ ಮಾತು ಒಗೆ, ಜಾಲಿಸು, ಹಿಂಡು. ಮೂರರಲ್ಲೂ ಒತ್ತಕ್ಷರವಿಲ್ಲ! ‘ನೀರು ಖಾಲಿ’ಯಲ್ಲೂ ಇಲ್ಲ. ಬಳಕೆಯ ಪದವೇ ಇಲ್ಲಿ ದೊಡ್ಡದಾಗಿ ಕಾಣುವ ಪದವೂ ಆಗಿದೆ. ಪಾರಿಭಾಷಿಕ ಪದಕೋಶದಿಂದ ನೇರ ಪರದೆಗೆ ಪದ ಎತ್ತಿಕೊಳ್ಳುವವರು ಇದನ್ನು ಗಮನಿಸುವುದಿಲ್ಲ.

ಗಾತ್ರವೆಷ್ಟಿರಬೇಕು? ಕಣ್ಣಿನ ವೈದ್ಯರ 6/6 ಪಟ್ಟಿಯ ಅಕ್ಷರ ಕಣ್ಣಿನಲ್ಲಿ 5 ಕಲೆಗಳ (ಒಂದು ಡಿಗ್ರಿಯ ಹನ್ನೆರಡನೇ ಒಂದು ಭಾಗ) ಕೋನ ಮಾಡುತ್ತದೆ. 60 ಸೆಂ.ಮೀ. ದೂರದಲ್ಲಿ ಇದು 0.9 ಮಿ.ಮೀ. ಎತ್ತರಕ್ಕೆ ಸಮ. ಆದರೆ ಅದು ಒಳ್ಳೆಯ ಬೆಳಕಿನಲ್ಲಿ, ಒಳ್ಳೆಯ ಕಣ್ಣಿನ ಕೊನೆಯ ಮಿತಿ. ನಮ್ಮ ‘ದ’ ಮತ್ತು ‘ಧ’ಗಳನ್ನು ಬೇರ್ಪಡಿಸುವುದು ಒಂದು ಸಣ್ಣ ಸೀಳು ಮಾತ್ರ, ಅದರ ನಾಲ್ಕು ಪಟ್ಟು, ಅಂದರೆ ಸುಮಾರು 3.5 ಮಿ.ಮೀ. ಇದ್ದರೆ ನೆಮ್ಮದಿಯಿಂದ ಓದಬಹುದು.

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಪರದೆಯನ್ನು ಪ್ರಯೋಗಾಲಯದ ಟ್ಯೂಬ್‌ಲೈಟಿನ ಕೆಳಗೆ ಪರೀಕ್ಷಿಸಿ ಅಂಕ ಪಡೆಯುತ್ತಾರೆ. ಅದನ್ನೊಮ್ಮೆ ಸಂಜೆ ಅಡುಗೆಮನೆಗೆ ಒಯ್ದು, ಕನ್ನಡಕ ಮರೆತು ಬಂದ ಅಜ್ಜಿಗೆ ತೋರಿಸಿ ಏನು ಕಾಣುತ್ತದೆಂದು ಕೇಳಲಿ. ಅಜ್ಜಿಯ ಓದು ಮರಾಠಿಯದಾದರೆ ದೇವನಾಗರಿಯಲ್ಲೂ ಇದೇ ಪರೀಕ್ಷೆ ನಡೆಯಬೇಕು. ಬೆಳಗಾವಿ ಸೀಮೆಯ ಮನೆಗಳಲ್ಲಿ ಅದೂ ಅಗತ್ಯ.