ಗುಡಿಯ ಅಳತೆ ತೆಗೆದ ರೋಮಿನ ಯಾತ್ರಿಕ

ಹಳೆಯ ಪ್ರವಾಸಕಥನಗಳ ರುಚಿ ಹತ್ತಿದವರಿಗೆ ಒಂದು ಮಾತು. ಪರದೇಶಿ ಕ್ರೈಸ್ತ ಪಂಡಿತ ನಮ್ಮ ದೇವರ ಬಗ್ಗೆ ಬರೆದದ್ದನ್ನು ಬೇಗ ದಾಟಿ, ಗುಡಿಯ ಬಗ್ಗೆ ಬರೆದದ್ದನ್ನು ನಿಧಾನವಾಗಿ ಓದಿ. ಪೀತ್ರೊ ದೆಲ್ಲಾ ವಾಲೆಯ ಪತ್ರಗಳನ್ನು ನಾನು ಓದುವುದೇ ಹಾಗೆ.

1586ರಲ್ಲಿ ರೋಮಿನಲ್ಲಿ ಹುಟ್ಟಿದ ಈತ ಸಿರಿವಂತ, ಬಹುಭಾಷಿಕ, ಕಟ್ಟಾ ಕ್ಯಾಥೊಲಿಕ. ತನ್ನನ್ನು ಯಾತ್ರಿಕ ಎಂದೇ ಕರೆದುಕೊಂಡವನು. 1616ರ ಈಸ್ಟರ್ ಹೊತ್ತಿಗೆ ಜೆರುಸಲೇಮಿನ ಪುಣ್ಯಸ್ಥಳಗಳನ್ನು ಕಂಡಿದ್ದ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊರಟು, ಹೊನ್ನಾವರ, ಗೇರುಸೊಪ್ಪೆ ಹಾದು, ಘಟ್ಟ ಹತ್ತಿ ಅರಸ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ.

ವಿಗ್ರಹ ಕಂಡಾಗ ಅವನ ಮಾತು ಒರಟಾಗುತ್ತದೆ. ಅದು ಅವನ ಕಾಲದ, ಅವನ ಮತದ ಮಾತು. ಆದರೆ ಅದೇ ಮನುಷ್ಯ ಘಟ್ಟದ ಮೇಲಿನ ಹನುಮಂತನ ಗುಡಿಯ ಅಳತೆ ತೆಗೆದು ನೆಲನಕ್ಷೆ ಬರೆಯುತ್ತಾನೆ. ಆ ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ನುಣ್ಣನೆ ಮರಳು ಹರಡಿ, ಬೆರಳಿನಿಂದ ಅಂಕಿ ತಿದ್ದುತ್ತ, ಬರೆದದ್ದನ್ನೇ ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದರು. ಪೀತ್ರೊ ನಿಂತು ನೋಡಿದ. ಪಾಠ ಮರೆತರೆ, ತಪ್ಪಿದರೆ ತಿದ್ದುವವರು ಯಾರು ಎಂದೂ ಅವರನ್ನು ಕೇಳಿದ! ನಮ್ಮ ಕೂಲಿಮಠಗಳ ಓದು ಹೇಗಿತ್ತೆಂದು ಇಷ್ಟು ಹತ್ತಿರದಿಂದ ತೋರಿಸುವ ಬರಹ ಆ ಕಾಲದ್ದು ಇನ್ನೊಂದನ್ನು ನಾನು ಓದಿಲ್ಲ.

ಇಕ್ಕೇರಿಯಲ್ಲಿ ಗೌರಿಹಬ್ಬ. ಬೀದಿಯಲ್ಲಿ ಹುಡುಗಿಯರು ಗೇಣುದ್ದದ ಬಣ್ಣದ ಕೋಲು ಹಿಡಿದು, ಹಾಡಿ, ಸುತ್ತುತ್ತ ಕುಣಿದರು. ಕೋಲಾಟವೇ ಅದು. ಪೂಜೆ ಅವನಿಗೆ ಒಪ್ಪಿಗೆಯಿಲ್ಲ, ಕಣ್ಣಂತೂ ಕದಲಲಿಲ್ಲ. ಇದಕ್ಕಾಗಿಯೇ ಅವನ ಮೇಲೆ ನನಗೆ ಗೌರವ.

ಅವನಂತೆ ನೋಡಿ ಬರೆದಿಡುವ ಕೆಲಸ ನಮ್ಮ ಕಡೆಯೂ ಆಗಬೇಕು. ನಮ್ಮ ಅಂಕಲಗಿಯ ಅಡವಿಸಿದ್ಧೇಶ್ವರ ಮಠ, ಗೋಕಾಕ ಫಾಲ್ಸಿನ ದಂಡೆಯ ಮಹಾಲಿಂಗೇಶ್ವರ ಗುಡಿ — ಇವುಗಳ ಫೋಟೊ ಎಲ್ಲರ ಮೊಬೈಲಿನಲ್ಲೂ ಇವೆ. ಅಂಗಳ ಎಷ್ಟು ಹೆಜ್ಜೆ, ಯಾವ ಹೊತ್ತಿಗೆ ಯಾವ ವಾದ್ಯ, ಪಲ್ಲಕ್ಕಿಗೆ ಹೆಗಲು ಕೊಡುವವರು ಯಾರು ಎಂದು ನೋಟಬುಕ್ಕಿನಲ್ಲಿ ಬರೆದಿಡುವ ಹುಡುಗ ಹುಡುಗಿಯರು ನಮಗೆ ಬೇಕು. ಭಕ್ತಿಯಿದ್ದವರು ಬರೆದರೆ ಇನ್ನೂ ಒಳ್ಳೆಯದು. ಒಳಗಿನವರಿಗೆ ತಿಳಿಯುವಷ್ಟು ಪೀತ್ರೊಗೆ ತಿಳಿಯಲಿಲ್ಲ.

ಅವನ ಭಾರತದ ಪತ್ರಗಳು 1892ರಲ್ಲಿ ಎರಡು ಸಂಪುಟಗಳಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿವೆ. ಇಕ್ಕೇರಿ ಇರುವುದು ಎರಡನೆಯದರಲ್ಲಿ, ಅಲ್ಲಿಂದಲೇ ಶುರುಮಾಡಿ.