ಮುಳ್ಳು ತೆಗೆಯುವ ಕಲೆ: ಮಿಶೆಲ್ ಒಸೆಲೋ ಸಿನಿಮಾಗಳು

ಒಬ್ಬ ಮಾಟಗಾತಿ ಕೋಟೆಯೊಳಗೆ ಇದ್ದಾಳೆ. ಒಳಗೆ ಹೊಕ್ಕವನಿಗೆ ರಾಜಕುಮಾರಿಯನ್ನು ಕೊಡುವುದಾಗಿ ರಾಜ ಸಾರಿದ್ದಾನೆ. ರಾಜಕುಮಾರರು ದಂಡು ಕಟ್ಟಿಕೊಂಡು ಬಂದು ಸೋತು ಹೋಗುತ್ತಾರೆ. ಕೊನೆಗೆ ಬಂದ ಹುಡುಗನ ಕೈಯಲ್ಲಿ ಆಯುಧವೇ ಇಲ್ಲ. ಅವನು ಬಾಗಿಲು ತಟ್ಟಿ, ಒಳಗೆ ಬರಬಹುದೇ ಎಂದು ಕೇಳುತ್ತಾನೆ. ಬಾಗಿಲು ತೆರೆಯುತ್ತದೆ.

ಫ್ರಾನ್ಸಿನ ಅನಿಮೇಷನ್ ನಿರ್ದೇಶಕ ಮಿಶೆಲ್ ಒಸೆಲೋ ಈ ಕಥೆಯನ್ನು ಕಪ್ಪು ಕಾಗದ ಕತ್ತರಿಸಿ, ಹಿಂದಿನಿಂದ ಬೆಳಕು ಬಿಟ್ಟು ಮಾಡಿದರು. ಟೆಲಿವಿಷನ್‌ಗಾಗಿ 1989ರಲ್ಲಿ ಮಾಡಿದ ಇಂಥ ಕಿರುಚಿತ್ರಗಳಲ್ಲಿ ಆರು, 2000ದಲ್ಲಿ 'ರಾಜಕುಮಾರರು ಮತ್ತು ರಾಜಕುಮಾರಿಯರು' ಎಂಬ ಸಿನಿಮಾ ಆದವು. ಕೈಯಲ್ಲಿ ಹಣ ಕಡಿಮೆಯಿದ್ದಾಗ ಹಿಡಿದ ದಾರಿ ಅದು. ಆದರೆ ಮುಖವೇ ಕಾಣದ ಆ ಪಾತ್ರಗಳ ಒಂದು ಕತ್ತಿನ ಬಾಗು, ಒಂದು ಬೆರಳಿನ ಚಲನೆ ಎಷ್ಟೊಂದು ಹೇಳುತ್ತವೆ! ತೋರಿಸದೆ ಬಿಟ್ಟದ್ದನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ.

1943ರಲ್ಲಿ ಹುಟ್ಟಿದ ಒಸೆಲೋ ಬಾಲ್ಯದ ಕೆಲವು ವರ್ಷಗಳನ್ನು ಗಿನಿಯ ಕೊನಾಕ್ರಿಯಲ್ಲಿ ಕಳೆದವರು. 1998ರ 'ಕಿರಿಕೂ ಮತ್ತು ಮಾಟಗಾತಿ'ಯಲ್ಲಿ ಪಶ್ಚಿಮ ಆಫ್ರಿಕಾದ ಹಳ್ಳಿ ಆಪ್ತವಾಗಿ ಕಾಣುವುದಕ್ಕೆ ಆ ಒಡನಾಟವೂ ಕಾರಣ. ಧ್ವನಿಗಳು ಆಫ್ರಿಕನ್ನರವು, ಸಂಗೀತ ಸೆನೆಗಲ್‌ನ ಯೂಸು ಎನ್‌ಡೂರ್ ಅವರದು. ಹಳ್ಳಿಯ ಹೆಂಗಸರ ತೆರೆದೆದೆ ಹೊರದೇಶಗಳ ಕೆಲವು ವಿತರಕರಿಗೆ ಮುಜುಗರ ತಂದಾಗ, ಒಸೆಲೋ ಬಟ್ಟೆ ತೊಡಿಸಲು ಒಪ್ಪಲಿಲ್ಲ. ಆ ಸಿನಿಮಾವನ್ನು ಫ್ರಾನ್ಸಿನಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು.

ಊರಿನವರೆಲ್ಲ ಕರಬಾ ಎಂಬ ಮಾಟಗಾತಿಗೆ ಹೆದರಿ ನಡುಗುತ್ತಿರುವಾಗ, ಆಗತಾನೇ ಹುಟ್ಟಿದ ಕಿರಿಕೂ ಕೇಳುವುದು ಒಂದೇ: ಅವಳೇಕೆ ಕೆಟ್ಟವಳಾದಳು? ಗಂಡಸರು ಅವಳ ಬೆನ್ನಿಗೆ ಚುಚ್ಚಿದ ಮುಳ್ಳೇ ಅದಕ್ಕೆ ಉತ್ತರ. ಕಿರಿಕೂ ಅದನ್ನು ಹಲ್ಲಿನಿಂದ ಕಚ್ಚಿ ಕೀಳುತ್ತಾನೆ. ಅವಳ ಚೀತ್ಕಾರದಲ್ಲಿ ಮಾಟವೂ ಹೋಗುತ್ತದೆ, ನೋವೂ ಹೋಗುತ್ತದೆ. ಮಕ್ಕಳ ಸಿನಿಮಾವೊಂದು ಹಿಂಸೆಯ ಬೇರನ್ನು ಇಷ್ಟು ಸರಳವಾಗಿ ಮುಟ್ಟಿದ್ದನ್ನು ನಾನು ಬೇರೆಡೆ ಕಂಡಿಲ್ಲ.

2006ರ 'ಅಜೂರ್ ಮತ್ತು ಅಸ್ಮಾರ್'ನಲ್ಲಿ ಒಸೆಲೋ ಕಂಪ್ಯೂಟರ್ ಕೈಗೆತ್ತಿಕೊಂಡರು. ಒಬ್ಬಳೇ ದಾದಿಯ ಮಡಿಲಲ್ಲಿ ಬೆಳೆದ ಇಬ್ಬರು ಹುಡುಗರ ಈ ಕಥೆಯಲ್ಲಿ ಅರಬ್ಬೀ ಮಾತಿಗೆ ಸಬ್‌ಟೈಟಲ್ ಇಲ್ಲ. ಹೊಸ ನೆಲದಲ್ಲಿ ಅಜೂರ್ ಪಡುವ ತಬ್ಬಿಬ್ಬನ್ನು ನಾವೂ ಪಡಬೇಕು. ಇದೂ ತೋರಿಸದೆ ಬಿಡುವ ಕಲೆಯೇ.

2018ರ 'ಪ್ಯಾರಿಸ್‌ನಲ್ಲಿ ದಿಲಿಲಿ' ನನಗೆ ಬೇಸರ ತಂದದ್ದು ಇಲ್ಲೇ. ಮೊದಲ ದೃಶ್ಯವೇನೋ ಅದ್ಭುತ. ದೂರದ ಹಳ್ಳಿಯೊಂದರ ಬದುಕು ಎಂದುಕೊಂಡು ನೋಡುತ್ತಿರುತ್ತೇವೆ. ಚೌಕಟ್ಟು ಹಿಗ್ಗಿದಾಗ ಅದು ಪ್ಯಾರಿಸ್ ಜನರ ಮುಂದಿಟ್ಟ ಮಾನವ ಪ್ರದರ್ಶನ! ಆಮೇಲೆ ಮಾತ್ರ ಪಾಶ್ಚರ್, ಮೇರಿ ಕ್ಯೂರಿ, ಪಿಕಾಸೊ, ಮೋನೆ ಸಾಲಾಗಿ ಬಂದು ಹೆಸರು ಹೇಳಿ ಹೋಗುತ್ತಾರೆ. ಹಿನ್ನೆಲೆಯಲ್ಲಿರುವುದು ಒಸೆಲೋ ತೆಗೆದ ಪ್ಯಾರಿಸ್‌ನ ಫೋಟೋಗಳು. ಊಹೆಗೆ ಜಾಗವೇ ಉಳಿಯುವುದಿಲ್ಲ. ಹೆಣ್ಣುಮಕ್ಕಳನ್ನು ಕದ್ದು ನಾಲ್ಕು ಕಾಲಲ್ಲಿ ನಡೆಸುವ ದುರುಳರ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ ಅವರೇಕೆ ಹಾಗಾದರು ಎಂದು ಆಳಕ್ಕಿಳಿದು ಕೇಳುವ ಕಿರಿಕೂ ಇಲ್ಲಿಲ್ಲ. ಈ ಸಿನಿಮಾಕ್ಕೆ ಸೀಸರ್ ಪ್ರಶಸ್ತಿ ಬಂತು. ನನ್ನ ಮನಸ್ಸು ಮಾತ್ರ ಮತ್ತೆ ಮತ್ತೆ ಹೋಗುವುದು ಆ ಕಪ್ಪು ಕಾಗದದ ಹುಡುಗನ ಬಳಿಗೇ. ಗೆದ್ದ ಮೇಲೂ ಅವನು ರಾಜಕುಮಾರಿಯನ್ನು ಬಯಸಲಿಲ್ಲ. ಬಾಗಿಲು ತೆರೆದವಳ ಜೊತೆಗೇ ಉಳಿದ.