ಕೇಳಿದಾಗ ನಿಜ ನುಡಿವ ಪೆಟ್ಟಿಗೆ

ಪವರ್ ಸಪ್ಲೈಯೊಂದನ್ನು ಕೊಳ್ಳಹೊರಟವರು ಅದು ಎಷ್ಟು ವೋಲ್ಟ್ ಕೊಟ್ಟೀತು, ಎಷ್ಟು ಆಂಪಿಯರ್ ಹೊತ್ತೀತು ಎಂದು ಮೊದಲಿಗೆ ವಿಚಾರಿಸುವುದು ಲೋಕರೂಢಿ. ನಾನಾದರೋ, ತನಗೊದಗಿದ ಸಂಕಟವನ್ನು ಅದು ದೂರದಲ್ಲಿ ಕುಳಿತವನಿಗೆ ಯಾವ ಪರಿಯಲ್ಲಿ ಅರುಹುವುದೆಂಬುದನ್ನು ಕೈಪಿಡಿಯ ಕೊನೆಯ ಪುಟಗಳಲ್ಲಿ ಹುಡುಕುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ನಮ್ಮ ಸಿದ್ದಾಪುರದ ಸೀಮೆಯಲ್ಲಿ ಈ ಕುತೂಹಲ ಅಪರೂಪದ್ದೇನಲ್ಲ. ಪಂಪಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದ ರೈತನು ಮನೆಯ ಕಟ್ಟೆಯ ಮೇಲೆ ಕುಳಿತೇ ಕರೆಂಟು ಬಂದಿದೆಯೇ, ಮೂರೂ ಫೇಸು ಇವೆಯೇ ಎಂದು ಅದನ್ನು ಕೇಳಿಕೊಳ್ಳುತ್ತಾನೆ.

ಆದರೆ ಈಗಿನ ಸ್ಥಿತಿಯನ್ನು ಅರಿಯುವುದು ಸುಲಭ. ನಡೆದು ಮರೆಯಾದುದನ್ನು ಅರಿಯುವುದೇ ಕಠಿಣ. ಹೊರೆಯು ಕ್ಷಣಾರ್ಧದಲ್ಲಿ ಮಿತಿಮೀರಿ ಕರೆಂಟನ್ನು ಸೆಳೆದು, ಸಪ್ಲೈಯು ಸ್ಥಿರ ವೋಲ್ಟೇಜನ್ನು ಬಿಟ್ಟು ಸ್ಥಿರ ಕರೆಂಟಿನ ಕ್ರಮಕ್ಕೆ ಜಾರಿ, ನಾವು ಕಣ್ಣೆತ್ತುವಷ್ಟರಲ್ಲಿ ಯಥಾಸ್ಥಿತಿಗೆ ಮರಳಿದರೆ, ಪರದೆಯ ಮೇಲಿನ ಅಂಕಿಗಳು ನಿರಪರಾಧಿಗಳಂತೆ ನಿಂತಿರುತ್ತವೆ. ಇದಕ್ಕೆಂದೇ ಬಲ್ಲವರು ಎರಡು ರಿಜಿಸ್ಟರುಗಳನ್ನು ಇರಿಸಿದರು: ಒಂದು ಸದ್ಯದ ಸ್ಥಿತಿಯನ್ನು ತೋರುವುದು, ಇನ್ನೊಂದು ಘಟಿಸಿದುದನ್ನು ಕೇಳುವವನು ಬರುವ ತನಕ ಹಿಡಿದಿಡುವುದು. ಎರಡನೆಯದು ಓದಿದೊಡನೆ ಅಳಿದುಹೋಗುವುದರಿಂದ, ಎರಡು ಪ್ರೋಗ್ರಾಮುಗಳು ಒಂದೇ ಸಪ್ಲೈಯನ್ನು ವಿಚಾರಿಸತೊಡಗಿದರೆ ಮೊದಲು ಕೇಳಿದ್ದು ಸುದ್ದಿಯನ್ನು ಒಯ್ಯುತ್ತದೆ, ಎರಡನೆಯದಕ್ಕೆ ಸೊನ್ನೆಯೇ ಗತಿ.

ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯು ರೂಪಿಸಿದ ಉಪಕರಣ-ಸಂಪರ್ಕವು 1975ರಲ್ಲಿ ಐಇಇಇ 488 ಎಂಬ ಮಾನಕವಾಯಿತು. ಇಂಥ ಸ್ಥಿತಿನಿವೇದನೆಯ ಸಾಮಾನ್ಯ ನಿಯಮಗಳು 1987ರ ಐಇಇಇ 488.2ರಲ್ಲಿಯೂ ಆಜ್ಞೆಗಳ ಏಕರೂಪತೆ 1990ರ ಎಸ್‌ಸಿಪಿಐ ಎಂಬ ಆಜ್ಞಾಮಾನಕದಲ್ಲಿಯೂ ನೆಲೆಗೊಂಡವು. ಅದೇ 1975ರ ಏಪ್ರಿಲ್ 19ರಂದು, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು ಗಗನಕ್ಕೇರಿತು. ಕೆಲವೇ ದಿನಗಳಲ್ಲಿ ಅದರ ವೈಜ್ಞಾನಿಕ ಪ್ರಯೋಗಗಳಿಗೆ ವಿದ್ಯುತ್ ತಪ್ಪಿದಾಗ, ಮೀಟರು ಹಿಡಿದು ಅಲ್ಲಿಗೆ ಹೋಗುವ ದಾರಿಯಿಲ್ಲದ ವಿಜ್ಞಾನಿಗಳಿಗೆ ದೂರಮಾಪನದ ಸಂಕೇತಗಳ ಹೊರತು ಅನ್ಯ ಸಾಕ್ಷಿಯಿರಲಿಲ್ಲ.

ಎಸ್‌ಸಿಪಿಐಯ ತಪ್ಪುಗಳ ಸರದಿ ನನಗೆ ಅತ್ಯಂತ ಪ್ರಿಯವಾದ ಅಂಗ. ತಿಳಿಯದ ಆಜ್ಞೆಗೆ -113, ಮಿತಿಯಾಚೆಯ ಬೆಲೆಗೆ -222 ಎಂದು ಗುರುತಿಟ್ಟು, ಮೊದಲು ಸಂಭವಿಸಿದುದನ್ನು ಮೊದಲು ಹೇಳಿ, ಸರದಿ ಬರಿದಾದಾಗ 0 ಎನ್ನುತ್ತದೆ. ಸರದಿ ತುಂಬಿ ಇನ್ನು ನೆನಪಿಡಲಾಗದಿದ್ದರೆ ಅದನ್ನೂ ಮುಚ್ಚಿಡದೆ -350 ಎಂದು ಒಪ್ಪಿಕೊಳ್ಳುತ್ತದೆ. (ಇಷ್ಟು ಪ್ರಾಮಾಣಿಕತೆ ಮನುಷ್ಯರ ಕಡತಗಳಲ್ಲಿ ದುರ್ಲಭ.) ಧನಸಂಖ್ಯೆಗಳು ಆಯಾ ತಯಾರಕರ ಸ್ವಂತ ಸ್ವತ್ತು, ಅವಕ್ಕೆ ಕೈಪಿಡಿಯೇ ಶರಣು. ತಿಳಿಯದ ಆಜ್ಞೆಯನ್ನು ಸದ್ದಿಲ್ಲದೆ ನುಂಗಿ ಸುಮ್ಮನಿರುವ ಅಗ್ಗದ ಪೆಟ್ಟಿಗೆಗಳು ಎಷ್ಟು ಸೊಗಸಾದ ಪರದೆ ಹೊತ್ತಿದ್ದರೂ ನನ್ನ ಮೇಜಿಗೆ ಸಲ್ಲವು.

ಕೊಳ್ಳುವವರು ಕರೆಂಟಿನ ಮಿತಿಯನ್ನು ಅರ್ಧ ಆಂಪಿಯರಿಗೆ ಇಳಿಸಿ, ಔಟ್‌ಪುಟ್ಟಿನ ಎರಡು ತಂತಿಗಳನ್ನು ಕ್ಷಣಮಾತ್ರ ತಾಗಿಸಿ ಬಿಡಿಸಿ, ತರುವಾಯ ಘಟನೆಗಳ ರಿಜಿಸ್ಟರನ್ನು ಕಂಪ್ಯೂಟರಿನಿಂದ ಕೇಳಿನೋಡಲಿ. ಮೊದಲ ಸಲ ಸೊನ್ನೆ ಬಂದರೆ ಹಣವನ್ನು ಜೇಬಿನಲ್ಲಿಯೇ ಉಳಿಸಿಕೊಳ್ಳುವುದು ಲೇಸು.